ಲೇಬಲ್‌ನಲ್ಲಿ 70, ಪ್ಯಾಕೆಟ್‌ನಲ್ಲಿ 50

ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಯಲ್ಲಿ ಕೆಲಸ, ಪ್ಯಾಕೆಟ್ ಮೇಲೆ ಕಾಫಿ 70 ಚಿಕೋರಿ 30 ಅಂತಿದ್ರೂ ಓನರ್ ಅರ್ಧಕ್ಕರ್ಧ ಬೆರೆಸೋಕೆ ಹೇಳ್ತಾರೆ, ಏನ್ಮಾಡಲಿ ಅಂತ ಕೇಳಿದೀರಿ. ನಾನೂ ಇದೇ ಊರಲ್ಲಿ ಆರು ವರ್ಷ ಪುಡಿ ಮಿಲ್ಲಿನಲ್ಲಿದ್ದವನು, ಈ ಆಟ ನೋಡಿದೀನಿ.

ಚಿಕೋರಿ ಬೆರೆಸೋದೇ ತಪ್ಪಲ್ಲ. ಅದಿಲ್ಲದಿದ್ರೆ ಡಿಕಾಕ್ಷನ್ ತೆಳು ಅಂತ ನಮ್ಮಮ್ಮನೇ ಗೊಣಗ್ತಾರೆ. ಆದ್ರೆ ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಕನಿಷ್ಠ 51% ಇರಬೇಕು, ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ನಿಜ ಬರೀಬೇಕು. ನಿಮ್ಮಲ್ಲಿ ಎರಡೂ ತಪ್ಪಿದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಸುಳ್ಳು ಲೇಬಲ್‌ಗೆ 3 ಲಕ್ಷ ರೂಪಾಯಿವರೆಗೆ ದಂಡ ಇದೆ.

ಓನರ್ ಹತ್ರ ನ್ಯಾಯ ನೀತಿ ಅಂತ ಶುರು ಮಾಡಬೇಡಿ, ಮೂತಿ ಊದಿಸ್ಕೊಳ್ತಾರೆ. ಗಾಜಿನ ಲೋಟದಲ್ಲಿ ತಣ್ಣೀರು ಇಟ್ಟು, ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ ತೋರಿಸಿ. ಕಾಫಿ ತೇಲುತ್ತೆ, ಚಿಕೋರಿ ಕಂದು ಗೆರೆ ಎಳೀತಾ ತಳಕ್ಕಿಳಿಯುತ್ತೆ. ಗಿರಾಕಿ ತನ್ನ ಅಡುಗೆಮನೇಲೇ ಇದನ್ನ ನೋಡಬಹುದು ಸಾರ್, ಅನ್ನಿ. ಕಾಫಿ ಸ್ವಲ್ಪ ಜಾಸ್ತಿ ಮಾಡಿ, 55-45 ಅಂತ ನಿಜ ಬರೆದು ಬೆಲೆ ಇಳಿಸಿದ್ರೆ ಹೋಟೆಲಿನವರು ತಗೊಳ್ತಾರೆ. ನಮ್ಮ ಮಿಲ್ಲಿನವರು ಕೊನೆಗೆ ಮಾಡಿದ್ದು ಅದನ್ನೇ, ಒಂದು ವರ್ಷ ಜಗಳ ಆದ್ಮೇಲೆ.

ಒಪ್ಪದಿದ್ರೆ, ಬ್ಯಾಚ್ ಪುಸ್ತಕದಲ್ಲಿ 70 ಅಂತ ಬರೆದಿದ್ದಕ್ಕೆ ನೀವಂತೂ ಸಹಿ ಹಾಕಬೇಡಿ. ಮನೆ ನಿಮ್ಮ ಸಂಬಳದ ಮೇಲೇ ನಡೀತಿದೆ ಅಂದಿದೀರಿ, ಹಾಗಾಗಿ ನಾಳೆಯೇ ಬಿಟ್ಟುಬಿಡಿ ಅನ್ನಲ್ಲ. ಕೊಯ್ಲು ಮುಗೀತಿದ್ದಂಗೆ ಕ್ಯೂರಿಂಗ್ ಕಡೆ, ಅಂದ್ರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸೋ ಕಡೆ, ಕೆಲಸ ಜೋರಾಗುತ್ತೆ, ಈಗಿಂದ್ಲೇ ಕೇಳ್ತಾ ಇರಿ.