ಮೋಟರ್‌ಹೋಮ್ ಗೋಡೆ ಒದ್ದೆ ಆಗಿದ್ಯಾ? ಹಲಗೆ ಬದಲಿಸೋ ಮುಂಚೆ ನೀರಿನ ದಾರಿ ಹುಡುಕಿ

ಪ್ರಶ್ನೆ: ನಮಸ್ತೆ ಸರ್, ನಮ್ದು ಟ್ರಾವೆಲರ್ ಗಾಡಿ ಮೇಲೆ ಕಟ್ಟಿಸಿದ ಮೋಟರ್‌ಹೋಮು, ಮೂರು ವರ್ಷ ಆಯ್ತು, ಕಾಫಿಗೆ ಒಳ್ಳೆ ರೇಟು ಬಂದ ವರ್ಷ ಅಪ್ಪ ಅಮ್ಮನ್ನ ಊರು ಸುತ್ತಿಸೋಣ ಅಂತ ಧೈರ್ಯ ಮಾಡಿ ಮಾಡಿಸಿದ್ದು. ಈ ಸಲ ಜೂನ್‌ನಿಂದ ಕಣದ ಪಕ್ಕ ನಿಲ್ಸಿದ್ವಿ. ಮೊನ್ನೆ ಬಾಗಿಲು ತೆಗೆದ್ರೆ ಮುಗ್ಗಲು ವಾಸನೆ, ಹಾಸಿಗೆ ಮೇಲಿನ ಕಪಾಟಿನ ಹಿಂದೆ ಪ್ಲೈವುಡ್ ಕಪ್ಪಾಗಿದೆ, ಬೆರಳಲ್ಲಿ ಒತ್ತಿದ್ರೆ ಮೆತ್ತಗೆ ಒಳಗೆ ಹೋಗತ್ತೆ. ಹೋದ ಮಳೆಗಾಲದಲ್ಲೂ ಸಣ್ಣ ಕಲೆ ಇತ್ತು, ಟಾಪ್ ಮೇಲೆ ಸಿಲಿಕೋನ್ ಬಳಿಸಿ ಸುಮ್ನಾದ್ವಿ. ಈಗ ಮೈಸೂರಿನ ಒಂದು ಶೆಡ್‌ನವರು ಫೋಟೋ ನೋಡಿ ಎಡಗಡೆ ಗೋಡೆ ಪೂರ್ತಿ ಮತ್ತೆ ಟಾಪಿನ ಲೈನಿಂಗ್ ಅರ್ಧ ಬಿಚ್ಚಿ ಹೊಸದು ಹಾಕ್ಬೇಕು, 1,85,000 ರೂಪಾಯಿ ಆಗತ್ತೆ, ಈಗ್ಲೇ ತಂದ್ರೆ 15 ದಿನದಲ್ಲಿ ಕೊಡ್ತೀವಿ ಅಂತಾರೆ. ಮನೇಲಿ ಮಾರಿಬಿಡಿ ಅಂತಾರೆ. ಏನ್ ಮಾಡ್ಲಿ?
– ಸೋಮವಾರಪೇಟೆ ಕಡೆಯ ಓದುಗರು

ಉತ್ತರ: ಮಾರಬೇಡಿ, ಈಗ್ಲೇ ಮೈಸೂರಿಗೂ ಓಡಿಸಬೇಡಿ. ನಿಮಗೆ ಕೊಟ್ಟ ಲೆಕ್ಕದಲ್ಲಿ ಗೋಡೆ ಇದೆ, ಟಾಪಿದೆ, ಆದ್ರೆ ನೀರು ಎಲ್ಲಿಂದ ಬಂತು ಅನ್ನೋದೇ ಇಲ್ಲ ನೋಡಿ. ಫೋಟೋದಲ್ಲಿ ಕಲೆ ಕಾಣ್ಸತ್ತೆ, ತೂತು ಕಾಣ್ಸಲ್ಲ. ತೂತು ಹಾಗೇ ಇಟ್ಕೊಂಡು ಹೊಸ ಪ್ಲೈ ಹೊಡೆದ್ರೆ ಮುಂದಿನ ಜುಲೈಗೆ ಅದೂ ಮೆತ್ತಗಾಗತ್ತೆ. ಇನ್ನೊಂದು, 15 ದಿನದಲ್ಲಿ ಗೋಡೆ ಬಿಚ್ಚಿ ಮುಚ್ಚೋದು ಅಂದ್ರೆ ಒಳಗಿನ ಫ್ರೇಮು ಒಣಗೋಕೆ ಟೈಮೇ ಕೊಡ್ಲಿಲ್ಲ ಅಂತ ಅರ್ಥ, ಒದ್ದೆ ಕಾಫಿನ ಚೀಲಕ್ಕೆ ತುಂಬಿ ಬಾಯಿ ಹೊಲಿದ್ರೆ ಏನಾಗತ್ತೆ ಅಂತ ತೋಟದವರಿಗೆ ನಾನು ಹೇಳ್ಬೇಕಾಗಿಲ್ಲ.

ನೀರು ನೇರವಾಗಿ ಕೆಳಗೆ ಬೀಳಲ್ಲ. ಫ್ರೇಮಿನ ಪೈಪ್ ಹಿಡ್ಕೊಂಡು, ವೈರ್ ಮೇಲೆ ಹರ್ಕೊಂಡು, ಎರಡು ಹಾಳೆ ನಡುವಿನ ಸಣ್ಣ ಸಂದಿಯಲ್ಲಿ ಹೀರ್ಕೊಂಡು ಎಲ್ಲೋ ದೂರ ಹೋಗಿ ಹೊರಗೆ ಬರತ್ತೆ. ನಮ್ಮ ಗಾಡೀಲಿ ಕಲೆ ಬಂದಿದ್ದು ಸಿಂಕ್ ಪಕ್ಕ, ಎರಡು ಸಲ ಅಲ್ಲಿನ ಕಿಟಕಿ ರಬ್ಬರ್ ಬದಲಿಸಿದ್ವಿ, ಕೊನೆಗೆ ನೋಡಿದ್ರೆ ಸೋಲಾರ್ ಪ್ಯಾನೆಲ್ ವೈರು ಟಾಪಿಂದ ಒಳಗೆ ಇಳಿಯೋ ತೂತು, ಕಲೆಯಿಂದ ಆರು ಅಡಿ ಹಿಂದೆ ಇತ್ತು! ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೀನಿ.

ಮಳೆ ಹೊಳವಾದ ಒಂದು ದಿನ ಇಬ್ರು ಸೇರಿ ಹೀಗೆ ಮಾಡಿ. ಮೊದ್ಲು ಬ್ಯಾಟರಿ, ಇನ್ವರ್ಟರ್ ಎಲ್ಲ ಆಫ್ ಮಾಡಿ, ಹೊರಗಿಂದ ಎಳೆದ ಕರೆಂಟ್ ವೈರ್ ಇದ್ರೆ ಅದನ್ನೂ ಕಿತ್ತುಬಿಡಿ, ಒದ್ದೆ ಗೋಡೆ ಹಿಂದೆ ವೈರಿಂಗ್ ಇರತ್ತೆ. ಕಪಾಟು ಬಿಚ್ಚಿ ಒಳಗೆ ಅನುಮಾನ ಇರೋ ಕಡೆಯೆಲ್ಲ ಟಿಶ್ಯೂ ಪೇಪರ್ ಅಂಟಿಸಿ, ಒಬ್ರು ಟಾರ್ಚ್ ಹಿಡ್ಕೊಂಡು ಒಳಗೆ ಕೂತ್ಕೊಳ್ಳಿ, ಇನ್ನೊಬ್ರು ಹೊರಗಿಂದ ಪೈಪಲ್ಲಿ ಮಳೆ ಥರ ನೀರು ಬಿಡಿ, ಜೋರಾಗಿ ಪ್ರೆಷರ್ ಹೊಡೀಬೇಡಿ, ಅದು ಸರಿ ಇರೋ ಜಾಯಿಂಟನ್ನೂ ಬಿಡಿಸತ್ತೆ. ಕೆಳಗಿಂದ ಶುರು ಮಾಡಿ ಮೇಲಕ್ಕೆ ಹೋಗ್ಬೇಕು, ಒಂದೊಂದು ಜಾಗಕ್ಕೆ ಹತ್ತು ನಿಮಿಷ. ಮೇಲಿಂದ ಶುರು ಮಾಡಿದ್ರೆ ಎಲ್ಲಾ ಕಡೆ ನೀರು ಇಳಿಯತ್ತೆ, ಯಾವ್ದು ಅಂತ ಗೊತ್ತಾಗಲ್ಲ. ಕಿಟಕಿ ಬೀಡಿಂಗ್, ಆಮೇಲೆ ಸೈಡಲ್ಲಿರೋ ಸಣ್ಣ ಲೈಟು, ಆವ್ನಿಂಗ್ (ಬದಿಗೆ ಚಾಚೋ ನೆರಳಿನ ಬಟ್ಟೆ) ಬೋಲ್ಟು, ಗೋಡೆ ಮತ್ತೆ ಟಾಪ್ ಸೇರೋ ಜಾಯಿಂಟು, ಕೊನೆಗೆ ಟಾಪ್ ಮೇಲಿನ ಗಾಳಿ ಕಿಂಡಿ, ಏಸಿ, ಸೋಲಾರ್ ಬ್ರಾಕೆಟ್. ಎಲ್ಲೆಲ್ಲಿ ಸ್ಕ್ರೂ ಒಳಗೆ ಹೋಗಿದ್ಯೋ ಅದೆಲ್ಲ ಅನುಮಾನದ ಜಾಗವೇ.

ಆ ಸಿಲಿಕೋನ್ ವಿಷ್ಯ. ಹಳೇ ಸಿಲಿಕೋನ್ ಮೇಲೆ ಹೊಸ ಸಿಲಿಕೋನೂ ಸರಿಯಾಗಿ ಹಿಡಿಯಲ್ಲ, ಬೇರೆ ಸೀಲೆಂಟೂ ಹಿಡಿಯಲ್ಲ. ವಿನೆಗರ್ ಥರ ವಾಸನೆ ಬರೋ ಸಿಲಿಕೋನ್ ಆಗಿದ್ರೆ ಅದ್ರ ಆಸಿಡ್ ಕಬ್ಬಿಣಕ್ಕೆ ತುಕ್ಕು ಬೇರೆ ಹಿಡಿಸತ್ತೆ. ಎಂ-ಸೀಲ್ ಕೂಡ ಬೇಡ, ಅದು ಕಲ್ಲಿನ ಥರ ಗಟ್ಟಿ, ನಮ್ಮ ಘಾಟಿ ರೋಡಲ್ಲಿ ಬಾಡಿ ತಿರುಚಿದ ಹಾಗೆಲ್ಲ ಬಿರುಕು ಬಿಡತ್ತೆ. ಪ್ಲಾಸ್ಟಿಕ್ ಸ್ಕ್ರೇಪರಲ್ಲಿ ಪೂರ್ತಿ ಕೆರೆದು ತೆಗೀರಿ, ಫಿಟ್ಟಿಂಗ್ ಬಿಚ್ಚಿ ಅದರ ಅಡಿಗೆ ಬ್ಯುಟೈಲ್ ಟೇಪ್ (ಮೆತ್ತಗಿನ ರಬ್ಬರ್ ಥರದ ಅಂಟು ಪಟ್ಟಿ) ಕೊಟ್ಟು ಟೈಟ್ ಮಾಡಿ, ಅಂಚಿಗೆ ಪಿಯು (ಪಾಲಿಯುರೆಥೇನ್) ಸೀಲೆಂಟ್ ಹಾಕಿ, ಬಸ್ಸಿನ ಮುಂದಿನ ಗಾಜು ಅಂಟಿಸೋರ ಹತ್ರ ಕೇಳಿದ್ರೆ ಅವರಿಗೆ ಗೊತ್ತು. ಮೇಲ್ಮೈ ಮಾತ್ರ ಒಣಗಿರ್ಲೇಬೇಕು. ಕಕ್ಕಡದ (ಜುಲೈ-ಆಗಸ್ಟ್) ಮಳೇಲಿ ಅಂಥ ದಿನ ಸಿಗಲಿಲ್ಲ ಅಂದ್ರೆ ಸದ್ಯಕ್ಕೆ ಗಾಡಿನ ಸೂರಿನ ಅಡಿ ನಿಲ್ಸಿ, ಅಷ್ಟೇ ಸಾಕು.

ಕೆಡವೋ ಕೆಲಸ ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಇಟ್ಕೊಳ್ಳಿ. ಮೆತ್ತಗಾಗಿರೋ ಪ್ಲೈ ಮಾತ್ರ ಈಗ್ಲೇ ಕತ್ತರಿಸಿ ತೆಗೆದುಬಿಡಿ, ಗೋಡೆ ತೆರೆದೇ ಇರ್ಲಿ. ಆ ಕಪ್ಪು ಬೂಷ್ಟನ್ನ ಒಣ ಬ್ರಶ್ಶಲ್ಲಿ ಉಜ್ಜಬೇಡಿ, ಪುಡಿ ಹಾರತ್ತೆ, ಎನ್95 ಮಾಸ್ಕ್ ಹಾಕ್ಕೊಂಡು ಸೋಪಿನ ನೀರಿನ ಬಟ್ಟೇಲಿ ಒರೆಸಿ. ಹಿಂದೆ ಗ್ಲಾಸ್ ವೂಲ್ ಇದ್ರೆ ಕಿತ್ತು ಬಿಸಾಕಿ, ಅದು ನೀರು ಹಿಡ್ಕೊಂಡು ಕೂರತ್ತೆ. ಡಿಸೆಂಬರ್, ಜನವರಿಲಿ ಚೆರ್ರಿ ಒಣಗಿಸೋ ಹೊತ್ತಿಗೆ ಗಾಡಿನೂ ಬಾಗಿಲು ಕಿಟಕಿ ತೆಗೆದು ಒಣಗಿಸಿ.

ಒಣಗಿದ್ಯಾ ಅಂತ ನೋಡೋಕೆ ಮರದ ಮಾಯಿಶ್ಚರ್ ಮೀಟರ್ ಬೇಕು, ಎರಡು ಪಿನ್ ಇರೋದು. ಕಾಫಿ ಬೀಜದ ಮೀಟರ್ ಇದಕ್ಕೆ ನಡಿಯಲ್ಲ. ಹೊರದೇಶದ ಲೆಕ್ಕದಲ್ಲಿ 15% ಒಳಗಿದ್ರೆ ಚಿಂತೆ ಇಲ್ಲ, 20% ದಾಟಿದ್ರೆ ತೊಂದರೆ, 30% ಹತ್ರ ಹೋದ್ರೆ ಮರ ಕೊಳೀತಿದೆ ಅಂತಾರೆ. ಆದ್ರೆ ಕೊಡಗಲ್ಲಿ ಇದನ್ನ ಹಾಗೇ ತಗೊಂಡ್ರೆ ಮೋಸ ಹೋಗ್ತೀರಿ. ಗಾಳಿಯ ತೇವಾಂಶ 90% ಇರೋ ಕಡೆ ಒಂದು ಹನಿ ಸೋರದೇ ಇದ್ರೂ ಮರ ತಾನಾಗೇ ಸುಮಾರು 20% ಗೆ ಬಂದು ನಿಲ್ಲತ್ತೆ, 65% ಇದ್ರೆ ಸುಮಾರು 12% ಗೆ. ಹಾಗಾಗಿ ಜುಲೈಲಿ ಯಾರಾದ್ರೂ ಮೀಟರ್ ಚುಚ್ಚಿ ಇಡೀ ಗಾಡಿ ಹೋಯ್ತು ಅಂದ್ರೆ ನಂಬಬೇಡಿ. ಗಾಡಿಯೊಳಗೇ ಖಂಡಿತ ಸೋರದ ಜಾಗ ಒಂದನ್ನ ಅಳೀರಿ, ಅದಕ್ಕೂ ಕಲೆಯ ಜಾಗಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡಿ, ಸೀಸದ ಕಡ್ಡೀಲಿ ಗೋಡೆ ಮೇಲೇ ತಾರೀಕು ಹಾಕಿ ಬರೀರಿ. ಎರಡೂ ಒಂದೇ ಹತ್ರ ಬಂದ ಮೇಲೆ ಹೊಸ ಹಲಗೆ ಹೊಡಿಸಿ, ಅದೂ ಐಎಸ್ 710 ಅಂತ ಮುದ್ರೆ ಇರೋ ಮರೀನ್ ಪ್ಲೈ, ಎಂಆರ್ (ಬರೀ ತೇವ ತಡೆಯೋದು) ಅಂತ ಬರೆದಿರೋ ಮಾಮೂಲಿ ಪ್ಲೈ ನಮ್ಮೂರಿನ ಮಳೆಗೆ ಅಲ್ಲ. ಇಷ್ಟಾದ ಮೇಲೆ ಎಷ್ಟು ಅಡಿ ಹಲಗೆ ಬೇಕು ಅಂತ ನಿಮಗೇ ಗೊತ್ತಿರತ್ತೆ, ಆಗ ರೇಟ್ ಕೇಳಿ.

ಇನ್ಶೂರೆನ್ಸ್ ಬಗ್ಗೆ ಆಸೆ ಇಟ್ಕೋಬೇಡಿ, ನಿಧಾನವಾಗಿ ಸವೆದು ಹಾಳಾಗಿದ್ದಕ್ಕೆ ಮೋಟರ್ ಪಾಲಿಸಿ ಕೊಡಲ್ಲ. ಆದ್ರೆ ಕಟ್ಟಿಕೊಟ್ಟವರನ್ನ ಸುಮ್ನೆ ಬಿಡ್ಬೇಡಿ. ಏನೂ ಕೆರೆಯೋ ಮುಂಚೆ ಫೋಟೋ, ವಿಡಿಯೋ ತೆಗೆದು, ಬಿಲ್ಲಿನ ಕಾಪಿ ಜೊತೆ ಅವರಿಗೆ ಸ್ಪೀಡ್ ಪೋಸ್ಟಲ್ಲಿ ಬರೀರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರಿಗೆ ಕಾರಣ ಹುಟ್ಟಿದಾಗಿಂದ 2 ವರ್ಷ ಟೈಮು, ನೀವು ಕಲೆ ಮೊದ್ಲು ನೋಡಿದ್ದು ಹೋದ ಮಳೆಗಾಲದಲ್ಲಿ, ಹಾಗಾಗಿ ತಡ ಮಾಡ್ಬೇಡಿ. ಮೊದ್ಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಆಗಲಿಲ್ಲ ಅಂದ್ರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗ ಇದ್ದೇ ಇದೆ.

ಪ್ರಶ್ನೆ: ಒಳಗೆ ಗ್ಯಾಸ್ ಒಲೆ ಹಚ್ಚಿಟ್ರೆ, ಇಲ್ಲಾಂದ್ರೆ ಕೆಂಡದ ಬಾಣಲೆ ಇಟ್ರೆ ವ್ಯಾನ್ ಬೇಗ ಒಣಗತ್ತೆ ಅಂತಾರೆ. ನಮ್ದು ಸೋರಲ್ಲ, ಆದ್ರೆ ಬೆಳಿಗ್ಗೆ ಗಾಜೆಲ್ಲ ನೀರು.
– ವಿರಾಜಪೇಟೆ ಓದುಗರು

ಉತ್ತರ: ದಯವಿಟ್ಟು ಎರಡೂ ಮಾಡ್ಬೇಡಿ. ಮುಚ್ಚಿದ ಗಾಡಿಯೊಳಗೆ ಕೆಂಡ ಇಟ್ರೆ ಕಾರ್ಬನ್ ಮೊನಾಕ್ಸೈಡ್ ತುಂಬತ್ತೆ, ವಾಸನೆ ಇಲ್ಲ, ಮಲಗಿದವರು ಏಳೋದೇ ಇಲ್ಲ. ಗ್ಯಾಸಿನಿಂದಲೂ ಅದೇ ಅಪಾಯ ಇದೆ, ಅದೂ ಅಲ್ದೆ 1 ಕೆಜಿ ಗ್ಯಾಸ್ ಉರಿದ್ರೆ ಒಂದೂವರೆ ಲೀಟರಿಗಿಂತ ಹೆಚ್ಚು ನೀರು ಆವಿಯಾಗಿ ಗಾಳಿಗೆ ಸೇರತ್ತೆ, ಒಣಗಿಸೋಕೆ ಹೋಗಿ ನೀವೇ ನೀರು ತುಂಬಿದ ಹಾಗೆ. ಉಸಿರಿನ ತೇವವೂ ತಣ್ಣಗಿರೋ ಗಾಜಿಗೇ ಬಂದು ಕೂರತ್ತೆ. ಮೇಲಿನ ಕಿಂಡಿ, ಕೆಳಗೊಂದು ಕಿಟಕಿ ಸ್ವಲ್ಪ ತೆಗೆದೇ ಮಲಗಿ, ಒದ್ದೆ ರೈನ್‌ಕೋಟು ಒಳಗೆ ತರಬೇಡಿ, ಬೆಳಿಗ್ಗೆ ಗಾಜು ಒರೆಸಿ ಬಟ್ಟೆ ಹೊರಗೆ ಹಿಂಡಿ. ಸೋರಿಕೆಯ ಅನುಮಾನ ಉಳಿದಿದ್ರೆ ಗೋಡೆಗೆ ಒಂದು ತುಂಡು ಅಲ್ಯೂಮಿನಿಯಂ ಫಾಯಿಲ್ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ ಎರಡು ದಿನ ಬಿಡಿ, ನೀರು ಫಾಯಿಲಿನ ಹೊರಮೈ ಮೇಲೆ ಕೂತಿದ್ರೆ ಗಾಳಿಯದ್ದು, ಫಾಯಿಲ್ ಹಿಂದೆ ಇದ್ರೆ ಗೋಡೆಯದ್ದು.

ಪ್ರಶ್ನೆ: ಮಳೆಗಾಲ ಪೂರ್ತಿ ಗಾಡಿಗೆ ಟಾರ್ಪಾಲ್ ಬಿಗಿದು ಕಟ್ಟಿಟ್ಟಿದ್ದೀವಿ. ಸಾಕಲ್ವಾ?
– ಭಾಗಮಂಡಲ ಓದುಗರು

ಉತ್ತರ: ಸಾಕಾಗಲ್ಲ. ನಿಮ್ಮ ಕಡೆ ಮಳೆ ಅಂದ್ರೆ ವಾರಗಟ್ಲೆ ಬಿಡದೆ ಹೊಡೆಯೋದು, ಬಿಗಿದ ಟಾರ್ಪಾಲ್ ಒಳಗಿನ ತೇವ ಹೊರಗೆ ಹೋಗೋಕೇ ಬಿಡಲ್ಲ, ಗಾಳಿಗೆ ಬಡಿದು ಪೇಂಟೂ ಸವೀತದೆ. ಜೀಪಿಗೆ, ಟಿಲ್ಲರಿಗೆ ಹಾಕ್ತೀರಲ್ಲ, ಅದೇ ಥರ ನಾಲ್ಕು ಕಂಬ ನೆಟ್ಟು ಮೇಲೆ ಶೀಟ್ ಹೊದಿಸಿ, ಸುತ್ತ ತೆರೆದೇ ಇರ್ಲಿ, ಗಾಡಿ ಒಂದು ಕಡೆ ಸ್ವಲ್ಪ ವಾಲಿಸಿ ನಿಲ್ಸಿ, ಎರಚಲು ಬಿದ್ರೂ ಟಾಪ್ ಮೇಲೆ ನೀರು ನಿಲ್ಲಲ್ಲ. ಅದು ಆಗೋವರೆಗೆ ಟಾರ್ಪಾಲನ್ನೇ ಹಗ್ಗ ಕಟ್ಟಿ ಗಾಡಿಗಿಂತ ಎರಡು ಅಡಿ ಮೇಲೆ ಎಳೆದು ಕಟ್ಟಿ.