'ನಾಟ್ ಇಂಟರೆಸ್ಟೆಡ್' ಒತ್ತಿ ಒತ್ತಿ ಬೆರಳು ಸವೆಸಿಕೊಂಡವರಿಗೆ

ಪ್ರಶ್ನೆ: ಅಪ್ಪನ ಯೂಟ್ಯೂಬ್ ತುಂಬ ಕಿರುಚಾಟದ ರಾಜಕೀಯ ವಿಡಿಯೊಗಳು. ಎಷ್ಟು ಸಲ 'ನಾಟ್ ಇಂಟರೆಸ್ಟೆಡ್' ಒತ್ತಿದರೂ ಮತ್ತೆ ಬರುತ್ತವೆ. ಏನು ಮಾಡಲಿ?

ಉತ್ತರ: ಈ ಪ್ರಶ್ನೆ ತಪ್ಪದೆ ಬರುತ್ತದೆ, ಜತೆಗೆ ಆ ಗುಂಡಿಯ ಮೇಲಿನ ನಂಬಿಕೆಯೂ. 2022ರಲ್ಲಿ ಫೈರ್‌ಫಾಕ್ಸ್ ಬ್ರೌಸರಿನ ಸಂಸ್ಥೆ ಮೊಜಿಲ್ಲಾ 20 ಸಾವಿರಕ್ಕೂ ಹೆಚ್ಚು ಬಳಕೆದಾರರ ನೆರವಿನಿಂದ ಪರೀಕ್ಷಿಸಿದಾಗ, ಬೇಡದ ಶಿಫಾರಸುಗಳಲ್ಲಿ ಅದು ತಡೆದದ್ದು ಶೇ 11 ಮಾತ್ರ. ಡಿಸ್‌ಲೈಕ್ ಶೇ 12, ಹಿಸ್ಟರಿಯಿಂದ (ನೋಡಿದ ವಿಡಿಯೊಗಳ ಪಟ್ಟಿಯಿಂದ) ಅಳಿಸಿದರೆ ಶೇ 29, 'ಡೋಂಟ್ ರೆಕಮೆಂಡ್ ಚಾನೆಲ್' ಶೇ 43. ಯಾವುದೂ ಅರ್ಧದಷ್ಟನ್ನೂ ತಡೆಯಲಿಲ್ಲ.

2012ರಿಂದ ಯೂಟ್ಯೂಬ್ ಕ್ಲಿಕ್ಕಿಗಿಂತ ನೋಡಿದ ಹೊತ್ತಿಗೆ ಹೆಚ್ಚು ಬೆಲೆ ಕೊಡುತ್ತದೆ. ಇಪ್ಪತ್ತು ನಿಮಿಷ ಬೈಯುತ್ತಲೇ ನೋಡಿದರೂ ಲೆಕ್ಕಕ್ಕೆ ಬೀಳುವುದು ಇಪ್ಪತ್ತು ನಿಮಿಷ.

ಮೊದಲು ಆಟೋಪ್ಲೇ ಆಫ್ ಮಾಡಿ. ಇಲ್ಲದಿದ್ದರೆ ಅಪ್ಪ ನಿದ್ದೆಹೋದ ಮೇಲೂ ವಿಡಿಯೊ ಓಡುತ್ತಿರುತ್ತದೆ, ನೀವು ಅಳಿಸಿದ ಹಿಸ್ಟರಿ ಬೆಳಗಾಗುವಷ್ಟರಲ್ಲಿ ಮತ್ತೆ ತುಂಬಿರುತ್ತದೆ. ಆಮೇಲೆ ಹಿಸ್ಟರಿಗೆ ಹೋಗಿ ಆ ಬಗೆಯ ವಿಡಿಯೊಗಳನ್ನಷ್ಟೇ ಒಂದೊಂದಾಗಿ ತೆಗೆಯಿರಿ. ಪೂರ್ತಿ ಅಳಿಸಿದರೆ ಅಪ್ಪನ ಹರಿಕಥೆ, ಕೃಷಿ ವಿಡಿಯೊಗಳೂ ಹೋಗುತ್ತವೆ. ಮೂರನೆಯದಾಗಿ, ಪದೇಪದೇ ಬರುವ ಚಾನೆಲ್‌ಗಳಿಗೆ 'ಡೋಂಟ್ ರೆಕಮೆಂಡ್ ಚಾನೆಲ್' ಒತ್ತಿ. ಕೊನೆಗೆ, ಹಳೆಯ ಹಿಸ್ಟರಿಯನ್ನು ತಾನಾಗಿಯೇ ಅಳಿಸುವ ಆಟೋ-ಡಿಲೀಟನ್ನು 3 ತಿಂಗಳಿಗೆ ಇಡಿ. 18, 36 ತಿಂಗಳ ಆಯ್ಕೆಗಳೂ ಇವೆ, ಈ ಕೆಲಸಕ್ಕೆ ಅವು ದಂಡ. ಟಿವಿಯಲ್ಲಿ ಅದೇ ಖಾತೆ ಇದ್ದರೆ ಅಲ್ಲಿಯ ಆಟೋಪ್ಲೇಯನ್ನೂ ನಿಲ್ಲಿಸಬೇಕು. ಎಲ್ಲರೂ ಮರೆಯುವುದು ಇದನ್ನೇ.

ಹಿಸ್ಟರಿ ಅಳಿಸಿ ಆಫ್ ಮಾಡಿಬಿಟ್ಟರೆ ಮುಖಪುಟ ಖಾಲಿಯಾಗುತ್ತದೆ. ಯೂಟ್ಯೂಬ್ ಕೆಟ್ಟಿತೆಂದು ಅಪ್ಪ ಗಾಬರಿಯಾದಾರು, ಹೇಳಿಯೇ ಮಾಡಿ. ಹೇಳದೆ ಮಾಡುವುದು ನನಗಂತೂ ಒಪ್ಪಿಗೆಯಿಲ್ಲ. ಅವರೇ ಹುಡುಕಿಕೊಂಡು ಹೋಗಿ ನೋಡುವ ಚಾನೆಲ್ ಆದರೆ ಈ ಕಸರತ್ತು ಬಿಡಿ, ಕೂತು ಮಾತಾಡಿ.

ಪ್ರಶ್ನೆ: ಮಿಕ್ಸಿ ವಿಷಯ ಮಾತಾಡಿದ್ದೇ ತಡ, ಮಿಕ್ಸಿ ಜಾಹೀರಾತು! ಫೋನ್ ಕದ್ದು ಕೇಳುತ್ತಿದೆಯೇ?

ಉತ್ತರ: ಮನೆಯಲ್ಲಿ ಇನ್ಯಾರೋ ಅದೇ ವೈಫೈಯಲ್ಲಿ ಮಿಕ್ಸಿ ಹುಡುಕಿದ್ದರೂ ಸಾಕು, ಕೇಳಬೇಕಾದ ಅಗತ್ಯವೇ ಇಲ್ಲ. ಆಂಡ್ರಾಯ್ಡ್ 12ರಿಂದ ಮೈಕ್ ಚಾಲೂ ಆದಾಗ ಪರದೆಯ ಮೇಲ್ತುದಿಯಲ್ಲಿ ಹಸಿರು ಗುರುತು ಬರುತ್ತದೆ, ನೋಡಿಕೊಳ್ಳಿ.

ಪ್ರಶ್ನೆ: ಫೇಸ್‌ಬುಕ್ಕಿನಲ್ಲಿ ಸುಳ್ಳು ಪೋಸ್ಟಿಗೆ ಕೋಪದ ಇಮೋಜಿ ಹಾಕಿದರೆ ಅದು ಕೆಳಗಿಳಿಯುತ್ತದಲ್ಲವೇ?

ಉತ್ತರ: ಇಲ್ಲ. ಪೋಸ್ಟನ್ನು ಮೇಲೇರಿಸುವ ಲೆಕ್ಕದಲ್ಲಿ 2017ರಿಂದ ಕೆಲಕಾಲ ಆ ಇಮೋಜಿಗೆ ಲೈಕಿನ ಐದು ಪಟ್ಟು ತೂಕವಿತ್ತು, 2020ರಲ್ಲಿ ಸೊನ್ನೆಗಿಳಿಸಿದರು. ರಿಪೋರ್ಟ್ ಮಾಡಿ, ಮುಂದೆ ಹೋಗಿ.

ಪ್ರಶ್ನೆ: ದುಡ್ಡು ಕೊಟ್ಟರೆ 'ಅಲ್ಗಾರಿದಮ್ ರೀಸೆಟ್' (ಶಿಫಾರಸುಗಳನ್ನು ಹೊಸದಾಗಿ ಶುರುಮಾಡಿಸುವುದು) ಮಾಡಿಕೊಡುತ್ತಾರಂತೆ?

ಉತ್ತರ: ಮೇಲೆ ಪುಕ್ಕಟೆ ಹೇಳಿದ್ದನ್ನೇ ಮಾರುತ್ತಾರೆ. ಪಾಸ್‌ವರ್ಡ್ ಕೊಟ್ಟಾಗಿದ್ದರೆ ಈಗಲೇ ಬದಲಿಸಿ.