ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಆಚೆಗೂ ಸುದ್ದಿ ಇದೆ

ಪಿರಿಯಾಪಟ್ಟಣದ ಯುವ ವರದಿಗಾರ್ತಿಯೊಬ್ಬರ ಪತ್ರ: "ಬೈಲಕುಪ್ಪೆಯ ಟಿಬೆಟಿಯನ್ನರ ಬಗ್ಗೆ ಬಿಡದೆ ಬರೆಯಬೇಕು ಅಂತ ಆಸೆ. ಅವರ ಹೊಸ ವರ್ಷದ ಲೋಸರ್ ಹಬ್ಬಕ್ಕೋ ದಲೈ ಲಾಮಾ ಬಂದಾಗಲೋ ಹೋದರೆ ಸಾಕು, ಉಳಿದದ್ದನ್ನು ಯಾರು ಓದ್ತಾರೆ ಅಂತಾರೆ ಡೆಸ್ಕ್‌ನವರು. ಅವರ ಭಾಷೆಯೂ ನನಗೆ ಬರಲ್ಲ. ಏನು ಮಾಡಲಿ?"

ಬರೆಯಿರಿ. ಇವತ್ತೇ ಶುರು ಮಾಡಿ.

ಡೆಸ್ಕ್‌ನವರ ಕಷ್ಟ ನನಗೂ ಗೊತ್ತು. ಪುಟ ಕಡಿಮೆ, ತಾಲ್ಲೂಕಿಗೆ ಒಬ್ಬರೇ ವರದಿಗಾರರು. ಆದರೆ "ಯಾರು ಓದ್ತಾರೆ" ಅನ್ನೋ ಮಾತನ್ನು ಮಾತ್ರ ಒಪ್ಪಲಾರೆ. 1960ರಲ್ಲಿ ಮೈಸೂರು ರಾಜ್ಯ ಕೊಟ್ಟ ಜಾಗದಲ್ಲಿ ಕಾಡು ಕಡಿದು ಟಿಬೆಟಿಯನ್ನರು ನೆಲೆ ನಿಂತರು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯೂ ಕ್ಯಾಂಪ್‌ಗಳಾದವು. ಈಗ ಕುಶಾಲನಗರದ ಆಟೊದವರು, ಲಾಡ್ಜ್‌ನವರು, ಕ್ಯಾಂಪ್‌ನ ಹೊಲಗಳಲ್ಲಿ ಜೋಳ ಮುರಿಯುವ ಸುತ್ತಲಿನ ಹಳ್ಳಿಯವರು, ಇವರೆಲ್ಲರ ಸಂಪಾದನೆಗೂ ಆ ಕ್ಯಾಂಪ್‌ಗಳಿಗೂ ನಂಟಿದೆ. ಇವರೆಲ್ಲ ಓದುಗರಲ್ವಾ? 2021ರಲ್ಲಿ ದೇಶಬಿಟ್ಟ ಟಿಬೆಟಿಯನ್ನರು ಹಲವು ದೇಶಗಳಿಂದ ಮತ ಹಾಕಿ ತಮ್ಮ ಆಡಳಿತದ ಮುಖ್ಯಸ್ಥರಾಗಿ ಆರಿಸಿದ ಪೆನ್ಪಾ ತ್ಸೆರಿಂಗ್ ಹುಟ್ಟಿದ್ದು ಬೈಲಕುಪ್ಪೆಯಲ್ಲಿ. ಇದು ಮೈಸೂರು ಜಿಲ್ಲೆಯ ಸುದ್ದಿಯಲ್ಲದೆ ಮತ್ತೇನು?

ಬೀಟ್, ಅಂದರೆ ವರದಿಗಾರರು ಬಿಡದೆ ಬೆನ್ನು ಹತ್ತುವ ವಿಷಯ, ಹಬ್ಬದ ದಿನದ ಫೋಟೊ ಅಲ್ಲ. ನನಗೆ ಗೊತ್ತಿದ್ದ ಹಿರಿಯ ವರದಿಗಾರರೊಬ್ಬರು ಅಲ್ಲಿಗೆ ಹೋದರೆ ಮೊದಲು ಕೂರುತ್ತಿದ್ದದ್ದು ಜೆರಾಕ್ಸ್ ಅಂಗಡಿಯಲ್ಲಿ. ಪ್ಲಾಸ್ಟಿಕ್ ಕವರ್‌ನಲ್ಲಿ ಜೋಪಾನವಾಗಿಟ್ಟ ಆರ್‌ಸಿ, ಅಂದರೆ ವಿದೇಶಿಯರ ನೋಂದಣಿ ಪುಸ್ತಕ, ಹಿಡಿದು ಜನ ಬರುತ್ತಿದ್ದರು. ಯಾವ ಕಚೇರಿ ಈ ಸಲ ಹೊಸದಾಗಿ ಏನು ಕೇಳುತ್ತಿದೆ ಅನ್ನುವುದು ಆ ವರದಿಗಾರರಿಗೆ ಅಲ್ಲೇ ಗೊತ್ತಾಗುತ್ತಿತ್ತು.

ಆ ಕಾಗದಗಳ ಹಿಂದೆ ಹೋಗಿ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಇಲ್ಲಿನ ಪ್ರಜೆಗಳು. ಇದು ಟಿಬೆಟಿಯನ್ನರಿಗೂ ಅನ್ವಯಿಸುತ್ತದೆ ಅಂತ 2010ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಅಪ್ಪ-ಅಮ್ಮ ಇಬ್ಬರೂ ಟಿಬೆಟ್‌ನಿಂದ ಬಂದವರು ಅಂತಿಟ್ಟುಕೊಳ್ಳಿ. 1986ರಲ್ಲಿ ಬೈಲಕುಪ್ಪೆಯಲ್ಲೇ ಹುಟ್ಟಿದ ಅಕ್ಕ ಭಾರತದ ಪ್ರಜೆ. 1988ರಲ್ಲಿ ಅದೇ ಮನೆಯಲ್ಲಿ ಹುಟ್ಟಿದ ತಮ್ಮ ವಿದೇಶಿ. ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಉಣ್ಣುತ್ತಾರೆ. ಹಕ್ಕಿದ್ದರೂ ಪಾಸ್‌ಪೋರ್ಟ್ ಬೇಡ ಅನ್ನುವವರೂ ಇದ್ದಾರೆ. ಯಾಕೆ ಅಂತ ಕೇಳಿ. ನರ್ಸಿಂಗ್ ಓದಿ ಬೆಂಗಳೂರಿಗೆ, ಅಲ್ಲಿಂದ ಕೆನಡಾಕ್ಕೆ ಹೋದ ಮಕ್ಕಳ ಅಪ್ಪ-ಅಮ್ಮನ ಜೊತೆ ಕೂತು ಮಾತಾಡಿ.

ನಿಮ್ಮ ಪತ್ರದ ಒಂದು ಸಾಲು ನನಗೆ ಹಿಡಿಸಲಿಲ್ಲ. "ಅವರು ತುಂಬಾ ಶಾಂತ ಸ್ವಭಾವದವರು" ಅಂತ ಬರೆದಿದ್ದೀರಿ. ಹಾಗೆ ಬರೆಯಬೇಡಿ. ಅಲ್ಲೂ ಅಣ್ಣತಮ್ಮಂದಿರ ಜಗಳ ಇದೆ, ಸಾಲ ಇದೆ, ಕೂಲಿ ವಿಷಯಕ್ಕೆ ತಕರಾರು ಇದೆ. ಇಡೀ ಸಮುದಾಯಕ್ಕೆ ಸುಮ್ನೆ ಒಂದು ಒಳ್ಳೆಯ ಗುಣ ಅಂಟಿಸಿದರೆ ಅವರನ್ನು ಮನುಷ್ಯರಾಗಿ ನೋಡಿದಂತಾಗುವುದಿಲ್ಲ.

ಭಾಷೆಯ ಚಿಂತೆ ಬಿಡಿ. ಅಲ್ಲಿ ಕನ್ನಡ, ಹಿಂದಿ ಆಡುವವರು ಬೇಕಾದಷ್ಟಿದ್ದಾರೆ. ಹಾಗಂತ ಟಿಬೆಟನ್ ಕಲಿಯದೇ ಇರಬೇಡಿ. ಅಜ್ಜಿಯರ ಹತ್ತಿರ ಮಾತಾಡಲು ಅದು ಬೇಕೇ ಬೇಕು.

ನನ್ನ ಸಂಕಟ ಬೈಲಕುಪ್ಪೆಗಷ್ಟೇ ಸೇರಿದ್ದಲ್ಲ. ಕೊಡಗಿನ ಕಾಫಿ ತೋಟಗಳಲ್ಲಿ ದುಡಿಯುವ ಅಸ್ಸಾಮಿನ ಕಾರ್ಮಿಕರು ನಮ್ಮ ಪತ್ರಿಕೆಗಳಲ್ಲಿ ಕಾಣಿಸುವುದು ಪೊಲೀಸರು ಗುರುತಿನ ಚೀಟಿ ಕೇಳಿದಾಗ. ಅವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಕಾಯಿಲೆ ಬಿದ್ದರೆ ಯಾರು ನೋಡುತ್ತಾರೆ ಅಂತ ಬರೆದವರು ಎಷ್ಟು ಜನ? ನಮ್ಮವರೂ ಹೊರಗೆ ಹೋಗಿ ಬದುಕಿದವರೇ. 1966ರಲ್ಲಿ ಶಿವಸೇನೆ ಹುಟ್ಟಿದ ಕಾಲದಲ್ಲಿ ಮುಂಬೈಯಲ್ಲಿ ದಕ್ಷಿಣದವರ ವಿರುದ್ಧ ಗಲಾಟೆ ಎದ್ದು, ಉಡುಪಿ ಹೋಟೆಲುಗಳ ಮೇಲೂ ದಾಳಿಯಾಯಿತು. ಅಲ್ಲಿ ಲೋಟ ತೊಳೆಯುತ್ತಾ ರಾತ್ರಿ ಶಾಲೆಗೆ ಹೋಗುತ್ತಿದ್ದ ನಮ್ಮ ಹುಡುಗರ ಬಗ್ಗೆ ಆ ಊರಿನ ಪತ್ರಿಕೆಗಳು ಬರೆಯಬೇಕಿತ್ತು ಅಂತ ನಮಗೆ ಅನ್ನಿಸುತ್ತದಲ್ವಾ?

ಮೊದಲ ಲೇಖನ ಸ್ವೆಟರ್ ವ್ಯಾಪಾರದ ಮೇಲಿರಲಿ. ಚಳಿಗಾಲ ಬಂತೆಂದರೆ ಎಷ್ಟೋ ಮನೆಯವರು ಲೂಧಿಯಾನದ ಸರಕು ಹಿಡಿದು ದೂರದ ಊರುಗಳಿಗೆ ಹೋಗುತ್ತಾರೆ. ಸಾಲ ಯಾರು ಕೊಡುತ್ತಾರೆ, ಬಡ್ಡಿ ಎಷ್ಟು, ಮಾರಾಟವಾಗದ ಮಾಲು ಏನಾಗುತ್ತದೆ, ಎಲ್ಲ ಕೇಳಿ. ಸಾವಿರದಿನ್ನೂರು ಪದ ಕೊಡುತ್ತೇನೆ. ಡೆಸ್ಕ್ ಬೇಡ ಅಂದರೆ ನನಗೆ ಕಳಿಸಿ.